ಶೋಕೇಸಿನಲ್ಲಿ ಮಿಕ್ಸಿಗೂ ಒಂದು ಜಾಗ

ತುಮಕೂರಿನ ಹೊಸ ಬಡಾವಣೆಗಳ ಮನೆಗಳಲ್ಲಿ, ಬಿ.ಎಚ್. ರಸ್ತೆಯ ಹೋಟೆಲುಗಳಲ್ಲಿ, ಗುಬ್ಬಿ ಸುತ್ತಿನ ತೆಂಗು–ಅಡಿಕೆ ತೋಟದ ಮನೆಗಳಲ್ಲಿ, ಕುಣಿಗಲ್ ಕಡೆಯ ಹೆದ್ದಾರಿ ಬದಿಯಲ್ಲಿ ಹಳೆಯ ಅಡುಗೆಮನೆ ಈಗ ನಡುಮನೆಗೆ ಬಂದು ಕೂತಿದೆ. ತಾಮ್ರದ ಹಂಡೆಯಲ್ಲಿ ಗಿಡ ಬೆಳೆಯುತ್ತಿದೆ. ರಾಗಿಕಲ್ಲಿನ ಮೇಲೆ ಗಾಜು ಕೂರಿಸಿ ಟೀಪಾಯಿ ಮಾಡಿದ್ದಾರೆ. ಒರಳುಕಲ್ಲಿಗೆ ನೀರು ತುಂಬಿ ಹೂವು ತೇಲಿಬಿಟ್ಟಿದ್ದಾರೆ. ಹಿತ್ತಾಳೆಯ ಕೊಳದಪ್ಪಲೆ, ಚಕ್ಕುಲಿ ಒರಳು, ಕಾಫಿ ಫಿಲ್ಟರುಗಳಿಗೆ ಮೇಲಿನಿಂದ ಪುಟ್ಟ ದೀಪದ ಬೆಳಕು ಬೀಳುತ್ತಿದೆ. ಹಳತನ್ನು ಹೀಗೆ ಕೂಡಿಡುವ ಹವ್ಯಾಸ ಒಳ್ಳೆಯದೇ, ಅದನ್ನು ಬರೀ ಷೋಕಿ ಎಂದು ತಳ್ಳಿಹಾಕಬೇಕಿಲ್ಲ. ಆದರೆ ಏನೇನನ್ನು ಆರಿಸಿಕೊಳ್ಳುತ್ತಿದ್ದೇವೆ ಎಂದು ನೋಡಿದರೆ ದೊಡ್ಡದೊಂದು ಕೊರತೆ ಕಣ್ಣಿಗೆ ಬೀಳುತ್ತದೆ. ಇರುವುದೆಲ್ಲ ಹಿತ್ತಾಳೆ, ತಾಮ್ರ, ಕಲ್ಲು, ಮರ. ಪಂಪ್ ಸ್ಟೌ, ಬತ್ತಿ ಸ್ಟೌ, ಮೊದಮೊದಲ ಪ್ರೆಷರ್ ಕುಕ್ಕರು, ಮೊದಲ ತಲೆಮಾರಿನ ಮಿಕ್ಸಿ, ಮೇಜಿನ ಅಂಚಿಗೆ ಬಿಗಿದು ಕೈಯಲ್ಲಿ ತಿರುಗಿಸುತ್ತಿದ್ದ ಕಾಫಿಬೀಜದ ಮಿಷನ್ನು, ಇವು ಕಾಣುವುದೇ ಅಪರೂಪ. ಹೆಂಗಸರ ದಿನಚರಿಯನ್ನು ನಿಜವಾಗಿ ಬದಲಿಸಿದ್ದು ಈ ಎರಡನೆಯ ಗುಂಪಿನ ಸಾಮಾನು. ರಟ್ಟೆ ಬೀಳುವಂತೆ ದುಡಿಸಿಕೊಂಡದ್ದನ್ನು ದೀಪ ಹಾಕಿ ಮೆರೆಸುತ್ತಿದ್ದೇವೆ, ಆ ದುಡಿಮೆಯನ್ನು ಹಗುರ ಮಾಡಿದ್ದನ್ನು ಗುಜರಿಗೆ ಕಳಿಸುತ್ತಿದ್ದೇವೆ. ಹಳೆಯ ಅಡುಗೆಮನೆಯನ್ನು ಪ್ರದರ್ಶನಕ್ಕೆ ಇಡುವುದಾದರೆ ಈ ಯಂತ್ರಗಳಿಗೆ ಮೊದಲ ಜಾಗ ಸಿಗಬೇಕು ಎಂಬುದು ನನ್ನ ವಾದ. ಆ ವಾದಕ್ಕೆ ತುಮಕೂರು ಜಿಲ್ಲೆಗಿಂತ ಒಳ್ಳೆಯ ಸಾಕ್ಷಿ ಬೇರೆ ಕಡೆ ಸಿಗುವುದು ಕಷ್ಟ.

ಮೊದಲು ಹಿತ್ತಾಳೆಯ ಕಥೆ. ಇವತ್ತು ದುಡ್ಡು ಕೊಟ್ಟು ಕೊಂಡುತರುವ ಪಾತ್ರೆಗಳನ್ನು ಎರಡು ತಲೆಮಾರಿನ ಹಿಂದೆ ನಾವೇ ಮನೆಯಿಂದ ಆಚೆ ಹಾಕಿದೆವು. ಸ್ಟೇನ್‌ಲೆಸ್ ಸ್ಟೀಲು ಬಂತು. ತಿಕ್ಕುವುದು ಸುಲಭ, ಕಲಾಯಿಯ ಗೊಡವೆ ಇಲ್ಲ, ಹುಳಿ ಹಾಕಿದರೂ ಕಿಲುಬು ಹಿಡಿಯುವುದಿಲ್ಲ. ಪಾತ್ರೆ ಅಂಗಡಿಯವರು ಹಳೆಯ ಹಿತ್ತಾಳೆಯನ್ನು ತೂಕಕ್ಕೆ ಹಾಕಿಕೊಂಡು, ಆ ಹಣವನ್ನು ಮುರಿದುಕೊಂಡು ಸ್ಟೀಲು ಪಾತ್ರೆ ಕೊಡುತ್ತಿದ್ದರು. ಬೀದಿಗೆ ಬರುತ್ತಿದ್ದ ಪಾತ್ರೆಯವರೂ ಅದನ್ನೇ ಮಾಡಿದರು. ಹಾಗೆ ಹೋದ ಹಂಡೆ, ಕೊಡ, ತಪ್ಪಲೆ, ಚೊಂಬುಗಳಲ್ಲಿ ಬಹುಪಾಲು ಮೂಸೆಗೆ ಬಿದ್ದು ಕರಗಿದವು. ಕರಗದೆ ಉಳಿದದ್ದು ಇಂದಿನ ಸಂಗ್ರಾಹಕರ ಪಾಲಾಗಿದೆ. ಆದ್ದರಿಂದ ಹಿತ್ತಾಳೆಯನ್ನು ಕೊಂಡು ಗೋಡೆಗೆ ಏರಿಸುವವರ ಮೇಲೆ ಕೋಪಿಸಿಕೊಳ್ಳಲು ಕಾರಣವಿಲ್ಲ. ಅವರು ಕೊಳ್ಳದಿದ್ದರೆ ಅದು ಕರಗುತ್ತಿತ್ತು, ಅಷ್ಟೇ. ಕುಣಿಗಲ್ಲಿಗೆ ಹೊಂದಿಕೊಂಡಿರುವ ನಾಗಮಂಗಲ ಕಂಚು–ಹಿತ್ತಾಳೆ ಕೆಲಸಕ್ಕೆ ಹೆಸರಾದ ಊರು. ಲೋಹದ ಕೆಲಸವನ್ನು ಇಷ್ಟು ಹತ್ತಿರದಿಂದ ಬಲ್ಲ ಸೀಮೆಯವರು ಒಂದು ಒಳ್ಳೆಯ ಎರಕದ ಪಾತ್ರೆಯ ಬೆಲೆ ಅದರ ತೂಕಕ್ಕಿಂತ ಹೆಚ್ಚು ಎಂದು ತಡವಾಗಿಯಾದರೂ ಅರಿತದ್ದು ಸಂತೋಷದ ಸಂಗತಿ.

ಆದರೆ ಹಿತ್ತಾಳೆಯ ಗೋಡೆ ಹೇಳುವ ಕಥೆ ಯಾರ ಮನೆಯದು? ತುಮಕೂರು ರಾಗಿ ತಿನ್ನುವ ಸೀಮೆ. ಇಲ್ಲಿನ ಹೆಚ್ಚಿನ ಮನೆಗಳಲ್ಲಿ ಒಲೆಯ ಮೇಲೆ ನಿತ್ಯ ಕೂತಿದ್ದು ಮಣ್ಣಿನ ಮಡಕೆ, ಆಮೇಲೆ ಅಲ್ಯೂಮಿನಿಯಂ. ಮುದ್ದೆ ಮಾಡಲು ಬೇಕಾದದ್ದು ಒಂದು ಗಟ್ಟಿ ಕೋಲು, ಮಡಕೆ ಅಲುಗದಂತೆ ಒತ್ತಿ ಹಿಡಿಯಲು ಒಂದು ಕವೆಗೋಲು. ಹಿತ್ತಾಳೆ–ತಾಮ್ರ ಬಂದದ್ದು ಮದುವೆಗೆ, ಮುಯ್ಯಿಗೆ, ಹಬ್ಬಕ್ಕೆ. ಅನುಕೂಲಸ್ಥರ ಮನೆಯಲ್ಲಿ ದಿನಬಳಕೆಯಲ್ಲಿತ್ತು, ಉಳಿದವರ ಮನೆಯಲ್ಲಿ ಅಟ್ಟದ ಮೇಲೆ ಅಥವಾ ಗಿರವಿಯಲ್ಲಿತ್ತು. ಮಳೆ ಕೈಕೊಟ್ಟ ವರ್ಷ ಮನೆಯಿಂದ ಮೊದಲು ಆಚೆ ಹೋಗುತ್ತಿದ್ದದ್ದು ಈ ಪಾತ್ರೆಗಳೇ, ಏಕೆಂದರೆ ತಕ್ಷಣ ದುಡ್ಡಾಗುವ ಸಾಮಾನು ಅದು. ಮಡಕೆ ಒಡೆದುಹೋಯಿತು, ಕವೆಗೋಲು ಒಲೆಗೆ ಸೌದೆಯಾಯಿತು, ಹಿತ್ತಾಳೆ ಉಳಿಯಿತು. ಉಳಿದದ್ದನ್ನಷ್ಟೇ ಜೋಡಿಸಿ ‘ನಮ್ಮ ಅಜ್ಜಿಯರ ಅಡುಗೆಮನೆ’ ಎಂದು ಫಲಕ ಹಾಕಿದರೆ ಹಲವರ ಅಜ್ಜಿಯರು ಅದರಿಂದ ಹೊರಗೆ ಉಳಿಯುತ್ತಾರೆ. ಎರಡು ರೂಪಾಯಿಯ ಬೆಲೆಯೂ ಇಲ್ಲದ ಒಂದು ಕವೆಗೋಲನ್ನು, ಮಸಿ ಹಿಡಿದ ಅದರ ಎರಡು ತುದಿಗಳ ಸಮೇತ, ಹಂಡೆಯ ಪಕ್ಕದಲ್ಲಿ ನಿಲ್ಲಿಸಿದರೆ ಆ ಗೋಡೆ ಎಷ್ಟೋ ಹೆಚ್ಚು ನಿಜ ಹೇಳುತ್ತದೆ.

ಇನ್ನು ಯಂತ್ರಗಳಿಗೆ ಬರೋಣ. ಮೊದಲ ದೊಡ್ಡ ಬದಲಾವಣೆ ಆದದ್ದು ಮನೆಯೊಳಗಲ್ಲ, ಊರ ಮುಂದಿನ ಹಿಟ್ಟಿನ ಗಿರಣಿಯಲ್ಲಿ. ಕೋಳಿ ಕೂಗುವ ಹೊತ್ತಿಗೆ ಎದ್ದು, ಎದುರುಬದುರು ಕೂತು, ಮೇಲಿನ ಕಲ್ಲಿನ ಗೂಟ ಹಿಡಿದು ಸುತ್ತಿಸುತ್ತ ಅವತ್ತಿನ ಹಿಟ್ಟನ್ನು ಅವತ್ತೇ ಬೀಸಿಕೊಳ್ಳುವ ಕೆಲಸ ಗಿರಣಿ ಬಂದ ಊರುಗಳಲ್ಲಿ ಒಂದೊಂದಾಗಿ ನಿಂತಿತು. ಆಮೇಲಿನದೆಲ್ಲ ಮನೆಯೊಳಗಿನ ಕಥೆ. ಸೀಮೆಎಣ್ಣೆಯನ್ನು ಒತ್ತಡದಲ್ಲಿ ಆವಿಯಾಗಿಸಿ ಉರಿಸುವ ಪ್ರೈಮಸ್ ಸ್ಟೌವನ್ನು ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ 1892ರಲ್ಲಿ ರೂಪಿಸಿದ. ಅದರ ನಾನಾ ನಕಲುಗಳು ನಮ್ಮೂರಿನ ಪಂಪ್ ಸ್ಟೌ ಆದವು. ಕಲ್ಕತ್ತೆಯ ವೈದ್ಯ ಇಂದುಮಾಧವ ಮಲ್ಲಿಕ್ 1910ರ ಹೊತ್ತಿಗೆ ಇದ್ದಿಲ ಕೆಂಡದ ಆವಿಯಲ್ಲಿ ಅನ್ನ, ಬೇಳೆ, ಪಲ್ಯ ಒಟ್ಟಿಗೆ ಬೇಯುವ ಡಬ್ಬಿಗಳ ಇಕ್ಮಿಕ್ ಕುಕ್ಕರ್ ತಂದರು. ಕೊಯಮತ್ತೂರಿನ ಸಭಾಪತಿಯವರು 1955ರಲ್ಲಿ ಒರಳುಕಲ್ಲಿಗೆ ಮೋಟಾರು ಜೋಡಿಸಿ ಗ್ರೈಂಡರ್ ಮಾಡಿದರು. 1959ರಲ್ಲಿ ಹಾಕಿನ್ಸ್ ಕಂಪನಿ ಆರಂಭವಾಯಿತು, ಪ್ರೆಸ್ಟೀಜ್ ಕುಕ್ಕರುಗಳೂ ಅದೇ ಕಾಲಕ್ಕೆ ಪೇಟೆಗೆ ಬಂದವು. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ದಾಟುವುದಿಲ್ಲ. ಕುಕ್ಕರಿನ ತೂಕ ಆವಿಯನ್ನು ಒಳಗೇ ಹಿಡಿದಿಟ್ಟಾಗ ಅದು ಸುಮಾರು 120 ಡಿಗ್ರಿಗೆ ಏರುತ್ತದೆ. ಗಂಟೆಗಟ್ಟಲೆ ಬೇಯಬೇಕಿದ್ದ ಹುರುಳಿ, ಅವರೆ, ತೊಗರಿಬೇಳೆ ಅರ್ಧ ಗಂಟೆಯೊಳಗೆ ಬೆಂದದ್ದು ಈ 20 ಡಿಗ್ರಿಯಿಂದ. ಉಳಿದದ್ದು ಹೊತ್ತು ಮಾತ್ರವಲ್ಲ, ಅಷ್ಟು ಹೊತ್ತಿನ ಸೌದೆ ಮತ್ತು ಅಷ್ಟು ಹೊತ್ತಿನ ಹೊಗೆ.

ಪಂಪ್ ಸ್ಟೌ ಒಂದನ್ನು ಹತ್ತಿರದಿಂದ ನೋಡಿದರೆ ಅದು ಶೋಕೇಸಿಗೆ ಏಕೆ ತಕ್ಕದ್ದು ಎಂದು ತಿಳಿಯುತ್ತದೆ. ಕೆಳಗೆ ಗುಂಡಗಿನ ಹಿತ್ತಾಳೆ ತೊಟ್ಟಿ. ಅದರ ಪಕ್ಕೆಯಲ್ಲಿ ಒಂದು ಕಡೆ ಎಣ್ಣೆ ಹುಯ್ಯುವ ಮುಚ್ಚಳ, ಇನ್ನೊಂದು ಕಡೆ ಓರೆಯಾಗಿ ಒಳಹೊಕ್ಕ ಪಂಪು, ಮತ್ತೊಂದು ಕಡೆ ಗಾಳಿ ಬಿಡುವ ಪುಟ್ಟ ತಿರುಪು. ನಡುವೆ ಎದ್ದುನಿಂತ ಬರ್ನರು, ಸುತ್ತ ಪಾತ್ರೆ ಕೂರಿಸಲು ಮೂರು ಕಬ್ಬಿಣದ ಕಾಲು. ಬರ್ನರಿನ ಬುಡದ ಬಟ್ಟಲಿಗೆ ಒಂದಿಷ್ಟು ಸ್ಪಿರಿಟ್ಟೋ ಸೀಮೆಎಣ್ಣೆಯೋ ಹಾಕಿ ಹೊತ್ತಿಸಬೇಕು. ಬರ್ನರು ಕಾದ ಮೇಲೆ ಪಂಪು ಹೊಡೆದರೆ ತೊಟ್ಟಿಯ ಎಣ್ಣೆ ಮೇಲೇರಿ, ಕಾದ ನಳಿಗೆಯಲ್ಲಿ ಆವಿಯಾಗಿ, ಸೂಜಿಮೊನೆಯಷ್ಟು ಸಣ್ಣ ತೂತಿನಿಂದ ಭರ್ರೆಂದು ಹೊರಬಂದು ನೀಲಿಯಾಗಿ ಉರಿಯುತ್ತದೆ. ಕಾಯುವ ಮೊದಲೇ ಪಂಪು ಹೊಡೆದರೆ ಹಸಿ ಎಣ್ಣೆ ಚಿಮ್ಮಿ ಹಳದಿ ಬೆಂಕಿ ಎದ್ದು ಗೋಡೆಯೆಲ್ಲ ಮಸಿ. ತೂತು ಕಟ್ಟಿಕೊಂಡರೆ ತಗಡಿನ ಪಟ್ಟಿಯ ತುದಿಗೆ ಕೂದಲಿನಂಥ ತಂತಿ ಸಿಕ್ಕಿಸಿದ ಸ್ಟೌ ಪಿನ್ನು ಬೇಕು. ಅದು ದಿನಸಿ ಅಂಗಡಿಯಲ್ಲೇ ಸಿಗುತ್ತಿತ್ತು. ಪಂಪಿನೊಳಗಿನ ತೊಗಲಿನ ವಾಶರು ಒಣಗಿದರೆ ಎರಡು ಹನಿ ಎಣ್ಣೆ ಬಿಟ್ಟು ಮೆದು ಮಾಡಬೇಕು. ಇಷ್ಟೆಲ್ಲ ಜಾಣತನವನ್ನು ಶಾಲೆಯ ಮೆಟ್ಟಿಲನ್ನೇ ಹತ್ತದ ಹೆಂಗಸರು ಕಲಿತು, ಒತ್ತಡ, ಆವಿ, ಗಾಳಿಯ ಲೆಕ್ಕವನ್ನು ಕಿವಿಯಿಂದಲೇ ಅಳೆಯುತ್ತಿದ್ದರು. ಶಬ್ದ ಬದಲಾದರೆ ಸ್ಟೌವಿಗೆ ಏನಾಗಿದೆ ಎಂದು ಗೊತ್ತಾಗುತ್ತಿತ್ತು. ತಂತ್ರಜ್ಞಾನ ನಮ್ಮ ಮನೆಗಳೊಳಗೆ ಕಾಲಿಟ್ಟ ಬಗೆಯನ್ನು ಇದಕ್ಕಿಂತ ಚೆನ್ನಾಗಿ ತೋರುವ ಇನ್ನೊಂದು ವಸ್ತು ಸಿಗಲಿಕ್ಕಿಲ್ಲ.

ಈ ಸ್ಟೌವನ್ನು ಶೋಕೇಸಿನಲ್ಲಿ ಇಡುವವರು ಅದರ ಕರಾಳ ನೆನಪನ್ನೂ ಮರೆಯಬಾರದು. ‘ಸ್ಟೌ ಸಿಡಿದು ಗೃಹಿಣಿ ಸಾವು’ ಎಂಬ ಒಂದು ಕಾಲಂ ಸುದ್ದಿ 1980, 90ರ ದಶಕಗಳ ಪತ್ರಿಕೆ ಓದಿದವರಿಗೆಲ್ಲ ಪರಿಚಿತ. ಕೆಲವು ನಿಜಕ್ಕೂ ಅಪಘಾತ. ಎಷ್ಟೋ ಪ್ರಕರಣಗಳಲ್ಲಿ ಸಿಡಿದದ್ದು ಸ್ಟೌ ಆಗಿರಲಿಲ್ಲ. ವರದಕ್ಷಿಣೆ ಕಿರುಕುಳದ ವಿರುದ್ಧ ದಂಡಸಂಹಿತೆಗೆ 498ಎ ಕಲಂ ಸೇರಿದ್ದು 1983ರಲ್ಲಿ, ವರದಕ್ಷಿಣೆ ಸಾವಿನ 304ಬಿ ಸೇರಿದ್ದು 1986ರಲ್ಲಿ. ಅಡುಗೆಮನೆ ಅಪಘಾತ ಎಂದು ಮುಚ್ಚಿಹೋಗುತ್ತಿದ್ದ ಇಂಥ ಸಾವುಗಳನ್ನು ಬೆಂಗಳೂರಿನ ವಿಮೋಚನಾ ಸಂಘಟನೆಯವರು ಮತ್ತೆ ಕೆದಕಿ ನೋಡಿ ಪ್ರಶ್ನೆ ಎತ್ತಿದರು. ಹಿತ್ತಾಳೆಯ ತೊಟ್ಟಿ ಎಷ್ಟೇ ಚೆಂದವಿದ್ದರೂ ಅದನ್ನು ನೋಡಿ ಮುಖ ತಿರುಗಿಸುವ ಹಿರಿಯ ಹೆಂಗಸರು ಇರಬಹುದು, ಅವರಿಗೆ ಅದಕ್ಕೆ ಕಾರಣವಿದೆ. ವಸ್ತುವನ್ನು ಇಡಬಾರದು ಎನ್ನಲು ಇದು ಕಾರಣವಾಗದು. ಅದರ ಕಥೆಯನ್ನು ಪೂರ್ತಿ ತಿಳಿದು ಇಡಬೇಕು ಎನ್ನಲು ಮಾತ್ರ ಇದು ಗಟ್ಟಿ ಕಾರಣ.

ಮಿಕ್ಸಿಯದು ಇನ್ನೊಂದು ಬಗೆ. ವಿದೇಶದ ಬ್ಲೆಂಡರುಗಳು ಹಣ್ಣಿನ ರಸ, ಹಾಲಿನ ಪಾನೀಯಕ್ಕೆಂದು ಆದವು. ನೆನೆದ ಉದ್ದು, ಒಣಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ, ಅರಿಶಿನದ ಕೊಂಬು ಹಾಕಿದರೆ ಅವುಗಳ ಮೋಟಾರು ಸುಟ್ಟುಹೋಗುತ್ತಿತ್ತು. ಮುಂಬೈಯ ಎಂಜಿನಿಯರ್ ಸತ್ಯಪ್ರಕಾಶ ಮಾಥುರ್ ಅವರ ಪತ್ನಿ ಮಾಧುರಿ ಬಳಸುತ್ತಿದ್ದ ಜರ್ಮನಿಯ ಬ್ರೌನ್ ಯಂತ್ರಕ್ಕೂ ಹಾಗೇ ಆಯಿತು, ರಿಪೇರಿ ಇಲ್ಲಿ ಸಾಧ್ಯವಿರಲಿಲ್ಲ. ಆಗ ಅವರು ನಮ್ಮ ಅಡುಗೆಯ ಭಾರ ತಡೆಯುವ ಮೋಟಾರನ್ನೇ ರೂಪಿಸಿದರು. 1963ರಲ್ಲಿ ಶುರುವಾದ ಅವರ ಕಂಪನಿಯ ಸುಮೀತ್ ಮಿಕ್ಸಿ ಎರಡು ದಶಕ ದಕ್ಷಿಣದ ಅಡುಗೆಮನೆಗಳಲ್ಲಿ ಮನೆಮಾತಾಯಿತು. ಮುಂದೆ ಬಂದ ಮಿಕ್ಸಿಗಳೆಲ್ಲ ಅದೇ ದಾರಿ ಹಿಡಿದವು. ಹಳೆಯ ಮಿಕ್ಸಿಯನ್ನು ತಲೆಕೆಳಗು ಮಾಡಿ ನೋಡಿ. ನಾಲ್ಕು ತಿರುಪು ಬಿಚ್ಚಿದರೆ ಇಡೀ ಯಂತ್ರ ಬಿಚ್ಚಿಕೊಳ್ಳುತ್ತದೆ. ಕಾರ್ಬನ್ ಸವೆದರೆ ಹೊಸದು ಹಾಕಬಹುದು, ಜಾರಿನ ಅಡಿಯ ರಬ್ಬರು ಹಲ್ಲು ಕಿತ್ತುಹೋದರೆ ಬದಲಿಸಬಹುದು, ಬ್ಲೇಡು ಮೊಂಡಾದರೆ ಬೀದಿಗೆ ಬರುವ ಸಾಣೆಯವರೇ ಹರಿತ ಮಾಡಿಕೊಡುತ್ತಿದ್ದರು. ಒಂದೊಂದು ಮಿಕ್ಸಿ ಇಪ್ಪತ್ತು ವರ್ಷ ಬಾಳಿದ್ದು ಹೀಗೆ. ಕರೆಂಟು ಬರುವ ಹೊತ್ತು ನೋಡಿಕೊಂಡು ಮಸಾಲೆ ರುಬ್ಬಿಟ್ಟುಕೊಳ್ಳುತ್ತಿದ್ದ ಕಾಲದ ಯಂತ್ರ ಅದು, ಏರಿಳಿಯುವ ವೋಲ್ಟೇಜಿನಲ್ಲೂ ಸಾರಿಗೆ ಕಾಯಿ ರುಬ್ಬಿಕೊಟ್ಟಿತು. ತೆಂಗು ಬೆಳೆಯುವ ಗುಬ್ಬಿ ಸೀಮೆಯಲ್ಲಿ ಕಾಯಿ ಹಾಕದ ಅಡುಗೆ ಎಷ್ಟಿದೆ? ಅಷ್ಟೂ ಅಡುಗೆಯ ಹಿಂದೆ ಒರಳ ಮುಂದೆ ಮಂಡಿ ಮಡಚಿ ಕೂರಬೇಕಿದ್ದ ಹೊತ್ತು ಇತ್ತು. ಆ ಹೊತ್ತನ್ನು ಹಿಂದಿರುಗಿಸಿದ ಯಂತ್ರಕ್ಕೆ ಗುಜರಿಯಲ್ಲಿ ಸಿಗುವುದು ಒಳಗಿನ ತಾಮ್ರದ ತಂತಿಯ ಬೆಲೆ ಮಾತ್ರ.

ಅಡುಗೆಮನೆಯ ದುಡಿಮೆ ಎಷ್ಟು ಎಂಬುದನ್ನು ಊಹೆಗೆ ಬಿಡದೆ ಅಳೆದು ನೋಡಿದ್ದು ಕುಣಿಗಲ್ ತಾಲ್ಲೂಕಿನಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ವಿಜ್ಞಾನವನ್ನು ಹಳ್ಳಿಯಲ್ಲೇ ನಿಂತು ಮಾಡಬೇಕು ಎಂಬುದು ಅದರ ನಿಲುವು. ಅದಕ್ಕಾಗಿ ಅವರು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದರು. ಸುತ್ತಿನ ಆರು ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ, ಯಾರ ಶಕ್ತಿ ಖರ್ಚಾಗುತ್ತಿದೆ ಎಂದು ಲೆಕ್ಕ ತೆಗೆದರು. ಅದರಲ್ಲಿ ಪುರ ಎಂಬ ಪುಟ್ಟ ಊರಿನ ಲೆಕ್ಕ ಪ್ರಪಂಚದ ಶಕ್ತಿತಜ್ಞರೆಲ್ಲ ಓದಿದ ಲೆಕ್ಕವಾಯಿತು. 1977ರಲ್ಲಿ ಅಲ್ಲಿದ್ದದ್ದು 56 ಮನೆ, 357 ಜನ. ಊರಿನ ಶಕ್ತಿಯ ದೊಡ್ಡ ಪಾಲು ಸೌದೆಯಿಂದ ಬರುತ್ತಿತ್ತು, ಆ ಸೌದೆಯ ಬಹುಪಾಲು ಅಡುಗೆಗೇ ಹೋಗುತ್ತಿತ್ತು. ಸೌದೆಯನ್ನು ಕೊಳ್ಳುತ್ತಿದ್ದದ್ದು ತೀರ ಕಡಿಮೆ, ಹೆಚ್ಚಾಗಿ ಹೆಂಗಸರು ಮಕ್ಕಳು ನಡೆದುಹೋಗಿ ಆಯ್ದು ಹೊತ್ತು ತರುತ್ತಿದ್ದರು. ತರುತ್ತಿದ್ದದ್ದೂ ಮರ ಕಡಿದ ದಿಮ್ಮಿಗಳನ್ನಲ್ಲ, ಬರೀ ಪುಳ್ಳೆ–ಕಡ್ಡಿ. ಕಾಡು ನಾಶಕ್ಕೆ ಹಳ್ಳಿಯ ಒಲೆಯೇ ಕಾರಣ ಎನ್ನುತ್ತಿದ್ದವರಿಗೆ ಇದೊಂದು ಉತ್ತರವಾಯಿತು. ಪುರದಲ್ಲೇ ಎಲ್ಲರಿಗೂ ಅಡುಗೆ ಅನಿಲ ಕೊಡಲೆಂದು ಸಮುದಾಯ ಗೋಬರ್ ಗ್ಯಾಸ್ ಘಟಕ ಕಟ್ಟಿದರು. ಸಿಗುವ ಸಗಣಿ ಎಲ್ಲರ ಅಡುಗೆಗೆ ಸಾಲುವಷ್ಟು ಅನಿಲ ಕೊಡಲಿಲ್ಲ, ಯೋಜನೆ ನಿಂತಿತು. ಅದನ್ನು ಅವರು ಮುಚ್ಚಿಡದೆ ಬರೆದು ಪ್ರಕಟಿಸಿದರು. ಊರವರಿಗೆ ಮೊದಲು ಬೇಕಾದದ್ದು ಏನು ಎಂದು ಕೇಳಿ, 1987ರಿಂದ ಅದೇ ಅನಿಲದಲ್ಲಿ ಎಂಜಿನ್ ಓಡಿಸಿ ಕೊಳವೆಬಾವಿಯ ನೀರು, ಮನೆಗಳಿಗೆ ದೀಪ ಕೊಟ್ಟರು. ಹಿತ್ತಾಳೆ ಕೊಡವನ್ನು ಸೊಂಟದ ಮೇಲೆ ಹೊತ್ತ ಹೆಣ್ಣಿನ ಚಿತ್ರ ನಮಗೆ ಬಹಳ ಪ್ರಿಯ. ಪುರದ ಜನಕ್ಕೆ ಪ್ರಿಯವಾದದ್ದು ನಲ್ಲಿ.

ಇದೇ ಕೆಲಸದ ಇನ್ನೊಂದು ಕವಲು ಅಸ್ತ್ರ ಒಲೆ. ಮೂರು ಕಲ್ಲಿನ ಅಥವಾ ಸಾದಾ ಮಣ್ಣಿನ ಒಲೆಯಲ್ಲಿ ಸೌದೆಯ ಶಾಖದ ಸಣ್ಣ ಪಾಲು ಮಾತ್ರ ಪಾತ್ರೆಗೆ ತಗುಲುತ್ತದೆ. ಉಳಿದದ್ದು ಗಾಳಿಗೆ, ಗೋಡೆಗೆ, ಅಡುಗೆ ಮಾಡುವವಳ ಮುಖಕ್ಕೆ. ಅಸ್ತ್ರ ವಿಭಾಗದ ಕೆ.ಎಸ್. ಜಗದೀಶ್, ಎಸ್.ಎಸ್. ಲೋಕ್ರಾಸ್ ಮತ್ತು ಜೊತೆಗಾರರು 1980ರ ದಶಕದ ಆರಂಭದಲ್ಲಿ ಮೂರು ಕುಳಿಯ ಒಲೆಯೊಂದನ್ನು ರೂಪಿಸಿದರು. ಸೌದೆ ಉರಿಯುವ ಗೂಡು ಮುಚ್ಚಿದ್ದು, ಅಡಿಯಲ್ಲಿ ಜಾಲರಿ, ಗಾಳಿ ಬೇಕಾದಷ್ಟೇ ಒಳಬರುವಂತೆ ದಾರಿ. ಪಾತ್ರೆಗಳು ಕುಳಿಯಲ್ಲಿ ಸಂದಿಲ್ಲದೆ ಕೂರಬೇಕು. ಬಿಸಿಗಾಳಿ ಮೊದಲ ಪಾತ್ರೆಯನ್ನು ಸುತ್ತಿ, ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹಾದು, ಕೊನೆಗೆ ಹೊಗೆಕೊಳವೆಯಿಂದ ಸೂರಿನ ಆಚೆ ಹೋಗುತ್ತದೆ. ಮುದ್ದೆಗೆ ಎಸರು, ಸಾರು, ಸ್ನಾನಕ್ಕೆ ಬಿಸಿನೀರು ಮೂರೂ ಒಂದೇ ಬೆಂಕಿಯಲ್ಲಿ. ಪರೀಕ್ಷೆಯಲ್ಲಿ ಅದರ ದಕ್ಷತೆ ಶೇ 40ರ ಆಸುಪಾಸಿಗೆ ಏರಿತ್ತು. ಕೇಂದ್ರ ಸರ್ಕಾರ 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಕೈಗೊಂಡಾಗ ಕರ್ನಾಟಕದಲ್ಲಿ ಸಾವಿರಾರು ಮನೆಗಳಿಗೆ ಈ ಒಲೆ ಹೋಯಿತು. ಕೊಳವೆಯ ಮಸಿ ತೆಗೆಯಬೇಕು, ಸೌದೆಯನ್ನು ಸಣ್ಣಗೆ ಸೀಳಿಕೊಳ್ಳಬೇಕು, ಅಳತೆ ತಪ್ಪಿದರೆ ಹೊಗೆ ಒಳಗೇ ತಿರುಗುತ್ತದೆ ಎಂಬ ತೊಡಕುಗಳೂ ಇದ್ದವು. ಆದರೂ ಅಡುಗೆಮನೆಯ ಹೊಗೆಯನ್ನು ಹೆಂಗಸರ ಹಣೆಬರಹ ಎನ್ನದೆ, ಲೆಕ್ಕ ಹಾಕಿ ಬಿಡಿಸಬಹುದಾದ ಸಮಸ್ಯೆ ಎಂದು ಕಂಡದ್ದು ದೊಡ್ಡ ಮಾತು. ತುಮಕೂರು ಸೀಮೆಯ ಯಾವ ಹಿತ್ತಾಳೆ ಪಾತ್ರೆಗೂ ಇಂಥ ಚರಿತ್ರೆ ಇಲ್ಲ.

ಇದಕ್ಕೆ ಎದುರಾಗಿ ಬರುವ ಮೊದಲ ಮಾತು ಅಂದಚೆಂದದ್ದು. ಹಿತ್ತಾಳೆ ಹೊಳೆಯುತ್ತದೆ, ಕಲ್ಲಿಗೆ ಒಂದು ಗಾಂಭೀರ್ಯವಿದೆ, ಬಣ್ಣ ಮಾಸಿದ ಮಿಕ್ಸಿಯನ್ನು ಯಾರು ಗೋಡೆಗೆ ಇಡುತ್ತಾರೆ ಎಂದು ಕೇಳಬಹುದು. ಅಂದ ಕಾಣುವ ಕಣ್ಣೂ ಕಾಲಕ್ಕೆ ತಕ್ಕಂತೆ ತಿರುಗುತ್ತದೆ ಎಂಬುದಕ್ಕೆ ತುಮಕೂರಿನಲ್ಲೇ ಪುರಾವೆ ಇದೆ. 1970ರ ದಶಕದ ಕೊನೆಯಲ್ಲಿ ಇಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಶುರುವಾಯಿತು. ಎಚ್‌ಎಂಟಿ ಗಡಿಯಾರ ಆಗ ಗುಮಾಸ್ತರ, ಮೇಷ್ಟರ, ಮದುವೆ ಗಂಡಿನ ಕೈಗಡಿಯಾರ. ಯಾರೂ ಅದನ್ನು ಕಲೆ ಎನ್ನಲಿಲ್ಲ. ಕ್ವಾರ್ಟ್ಜ್ ಬಂದ ಮೇಲೆ ಮೇಜಿನ ಖಾನೆಗೆ ಬಿತ್ತು. ಕಂಪನಿ ಬಾಗಿಲು ಹಾಕುತ್ತದೆ ಎಂಬ ಸುದ್ದಿ ಬಂದು, 2016ರಲ್ಲಿ ಗಡಿಯಾರ ತಯಾರಿಕೆ ಕೊನೆಗೂ ನಿಂತಿತು, ಕಾರ್ಖಾನೆಯ ಜಾಗ ಇಸ್ರೊ ಪಾಲಾಯಿತು. ಅಷ್ಟರೊಳಗೆ ಅದೇ ಜನತಾ, ಅದೇ ಪೈಲಟ್ ಗಡಿಯಾರಗಳಿಗೆ ದೇಶದ ತುಂಬ ಸಂಗ್ರಾಹಕರು ಹುಟ್ಟಿಕೊಂಡಿದ್ದರು. ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಾದ, ಬಡ ಮಧ್ಯಮವರ್ಗ ಬಳಸಿದ ವಸ್ತುವಿಗೂ ಪರಂಪರೆಯ ಬೆಲೆ ಬರುತ್ತದೆ. ಬರುವಷ್ಟರಲ್ಲಿ ಹೆಚ್ಚಿನವು ಕೈತಪ್ಪಿರುತ್ತವೆ. ಕೈಗಡಿಯಾರವಾದರೂ ಖಾನೆಯಲ್ಲಿ ಉಳಿಯುವಷ್ಟು ಚಿಕ್ಕದು. ಕೆಟ್ಟ ಮಿಕ್ಸಿ, ಸೋರುವ ಸ್ಟೌ, ಗ್ಯಾಸ್ಕೆಟ್ ಸಿಗದ ಕುಕ್ಕರನ್ನು ಮನೆ ಬದಲಿಸುವಾಗ ಯಾರೂ ಹೊತ್ತೊಯ್ಯುವುದಿಲ್ಲ. ಹಿತ್ತಾಳೆಗೆ ತೂಕದ ಬೆಲೆಯಾದರೂ ಇರುವುದರಿಂದ ಯಾರಾದರೂ ಎತ್ತಿಟ್ಟಾರು. ಇವಕ್ಕೆ ಆ ರಕ್ಷಣೆಯೂ ಇಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಬೀಸುವ ಕಲ್ಲು, ಒರಳು, ಒನಕೆಯನ್ನು ಅಲಂಕಾರ ಮಾಡುವುದೇ ತಪ್ಪು, ಹೆಂಗಸರ ಜೀತವನ್ನು ಚೆಂದಗಾಣಿಸಿದ ಹಾಗಾಗುತ್ತದೆ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಆದರೆ ಬಚ್ಚಿಟ್ಟರೆ ಆ ದುಡಿಮೆಯ ಗುರುತೂ ಹೋಗುತ್ತದೆ. ಒಂದು ರಾಗಿಕಲ್ಲನ್ನು ಗಾಜಿನ ಕೆಳಗೆ ಹಾಕದೆ, ಗೂಟ ಸಮೇತ, ತಿರುಗುವ ಸ್ಥಿತಿಯಲ್ಲಿ ಇಟ್ಟು, ಬಂದ ಮಕ್ಕಳಿಗೆ ಒಂದು ಸೇರು ರಾಗಿ ಕೊಟ್ಟು ಬೀಸಿ ಎನ್ನಿ. ಕಾಲು ಗಂಟೆಯಲ್ಲಿ ಅವರ ತೋಳಿಗೆ ಎಲ್ಲ ಅರ್ಥವಾಗುತ್ತದೆ. ಅದರ ಪಕ್ಕದಲ್ಲೇ ಮಿಕ್ಸಿ ಇದ್ದರೆ ಬದಲಾವಣೆಯ ಅಳತೆಯೂ ಸಿಗುತ್ತದೆ. ದುಡಿಮೆ ಒಂದು ಕಡೆ, ಬಿಡುಗಡೆ ಇನ್ನೊಂದು ಕಡೆ ಎರಡೂ ಇದ್ದಾಗ ಮಾತ್ರ ಪ್ರದರ್ಶನ ಪ್ರಾಮಾಣಿಕ. ಮನೆ ಮನೆಯೇ, ಮ್ಯೂಸಿಯಂ ಅಲ್ಲ, ನಮಗೆ ಇಷ್ಟವಾದದ್ದನ್ನು ಇಟ್ಟುಕೊಳ್ಳುತ್ತೇವೆ ಎನ್ನುವವರ ಹಕ್ಕನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ಮನೆಯೊಳಗಿನ ಮಾತು ಬೇರೆ. ಹಳ್ಳಿಯ ಹೆಸರು, ಅಜ್ಜಿಯ ಹೆಸರು ಹೇಳಿ ಊಟ ಮಾರುವ ಹೋಟೆಲಿನ ಗೋಡೆ ಬೇರೆ. ಅಲ್ಲಿ ಬರುವ ಮಕ್ಕಳು ಆ ಗೋಡೆಯನ್ನೇ ಚರಿತ್ರೆ ಎಂದು ನಂಬುತ್ತಾರೆ.

ಹಳೆಯದನ್ನು ಪ್ರದರ್ಶನಕ್ಕಿಡುವ ಬದಲು ಬಳಸಿ ಎನ್ನುವ ಮಾತು ಕೆಲವಕ್ಕೆ ಸಲ್ಲುತ್ತದೆ, ಕೆಲವಕ್ಕೆ ಸಲ್ಲದು. ಒರಳುಕಲ್ಲು, ತುರೆಮಣೆ, ಈಳಿಗೆಮಣೆ ಇಂದಿಗೂ ಕೆಲಸ ಮಾಡುತ್ತವೆ. ಸಿದ್ಧಗಂಗಾ ಮಠದ ದಾಸೋಹದಂತೆ ನಿತ್ಯ ಸಾವಿರಾರು ಮಕ್ಕಳು ಉಣ್ಣುವ ಕಡೆ ದೊಡ್ಡ ಕೊಪ್ಪರಿಗೆ ಅಲಂಕಾರದ ಸಾಮಾನಲ್ಲ, ದುಡಿಯುವ ಸಾಮಾನು. ಯಂತ್ರಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ನಲವತ್ತು ವರ್ಷ ಹಳೆಯ ಪಂಪ್ ಸ್ಟೌವಿನ ಬೆಸುಗೆ ಒತ್ತಡ ತಡೆಯುತ್ತದೆ ಎಂದು ಯಾರೂ ಖಾತರಿ ಕೊಡಲಾರರು. ಹಳೆಯ ಕುಕ್ಕರಿನ ಸೇಫ್ಟಿ ವಾಲ್ವ್ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಹಳೆಯ ಮಿಕ್ಸಿಯ ವೈರಿನ ಹೊದಿಕೆ ಬಿರಿದು ಪುಡಿಯಾಗುತ್ತಿರುತ್ತದೆ. ಸ್ಟೌವಿನ ಎಣ್ಣೆ ಬಸಿದು, ಗಾಳಿ ತಿರುಪು ಸಡಿಲಿಸಿ, ಮಿಕ್ಸಿಯ ಪ್ಲಗ್ಗು ಕತ್ತರಿಸಿ ಇಡುವುದೇ ಸರಿ. ಇಂಥ ವಸ್ತುಗಳಿಗೆ ಶೋಕೇಸು ಗೌರವದ ನಿವೃತ್ತಿ. ಇವನ್ನು ಬಳಕೆಗೆ ಎಳೆಯುವುದು ಮನೆಯವರಿಗೇ ಅಪಾಯ.

ಇಟ್ಟುಕೊಂಡದ್ದನ್ನು ಕೆಡಿಸದಿರುವುದು ಇನ್ನೊಂದು ಕೆಲಸ. ಈ ವಿಷಯದಲ್ಲಿ ನಮ್ಮಲ್ಲಿ ತುಂಬ ಹಾನಿಯಾಗುತ್ತಿದೆ. ಹಳೆಯ ಪಾತ್ರೆಯ ಕಂಠದ ಕೆಳಗೆ ಬೆರಳಾಡಿಸಿದರೆ ಚುಕ್ಕಿ ಚುಕ್ಕಿಯಾಗಿ ಉಳಿಯಿಂದ ಹೊಡೆದ ಅಕ್ಷರ ಸಿಗುತ್ತದೆ. ಯಜಮಾನರ ಹೆಸರಿನ ಮೊದಲಕ್ಷರ, ಮುಯ್ಯಿ ಮಾಡಿದವರ ಹೆಸರು, ಊರು, ಮದುವೆಯ ತಾರೀಖು. ಆ ಒಂದು ಸಾಲು ಪಾತ್ರೆಯನ್ನು ಒಂದು ಮನೆಯ ದಾಖಲೆ ಮಾಡುತ್ತದೆ. ಪಾಲಿಶ್ ಅಂಗಡಿಯ ತಿರುಗುವ ಚಕ್ರಕ್ಕೆ ಹಿಡಿದರೆ ಅದು ಅಳಿಸಿಹೋಗುತ್ತದೆ, ಕನ್ನಡಿಯಂಥ ಹೊಳಪು ಮಾತ್ರ ಉಳಿಯುತ್ತದೆ. ಪಾತ್ರೆಯ ಒಳಮೈ ಬೆಳ್ಳಗಿದ್ದರೆ ಅದು ಕಲಾಯಿ. ಕುಲುಮೆಯ ಮೇಲೆ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, 232 ಡಿಗ್ರಿಗೇ ಕರಗುವ ತವರದ ಕಡ್ಡಿಯನ್ನು ಮುಟ್ಟಿಸಿ, ಅರಿವೆಯಿಂದ ಒಂದೇ ಉಸಿರಿಗೆ ಸುತ್ತಲೂ ಬಳಿಯುತ್ತಿದ್ದ ಕೈಗಳ ಗುರುತು ಅದು. ಒಳಗೂ ಹಳದಿ ಕಾಣಲಿ ಎಂದು ಅದನ್ನು ಉಜ್ಜಿ ತೆಗೆಸುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ವಾರವಾರವೂ ಹುಣಸೆಹಣ್ಣು, ನಿಂಬೆ ಹಾಕಿ ತಿಕ್ಕಿದರೆ ಹುಳಿ ಹಿತ್ತಾಳೆಯಲ್ಲಿನ ಸತುವನ್ನು ತಿಂದು ಅಲ್ಲಲ್ಲಿ ತಾಮ್ರದ ಕೆಂಪು ಕಲೆ ಏಳುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಮೆತ್ತಗಿನ ಕಂದು ಬಣ್ಣ ಹಾಗೇ ಉಳಿಯಲು ಬಿಟ್ಟರೆ ಪಾತ್ರೆಯ ಆಯಸ್ಸು ಹೆಚ್ಚುತ್ತದೆ. ತೂತು ಕೊರೆದು ದೀಪ ಕಟ್ಟುವುದು, ಬಂಗಾರದ ಸ್ಪ್ರೇ ಬಣ್ಣ ಹೊಡೆಯುವುದಂತೂ ಗುಜರಿಗೆ ಹಾಕುವುದಕ್ಕಿಂತ ಹೆಚ್ಚೇನೂ ಒಳ್ಳೆಯದಲ್ಲ. ಯಂತ್ರಗಳಿಗೂ ಇದೇ ಮಾತು: ಕಂಪನಿಯ ಚೀಟಿ, ಗ್ಯಾರಂಟಿ ಕಾರ್ಡು, ಕೊಂಡ ಅಂಗಡಿಯ ರಸೀದಿ, ಜೊತೆಗೆ ಬಂದ ಅಡುಗೆ ಪುಸ್ತಿಕೆ ಸಿಕ್ಕರೆ ಅವನ್ನು ಯಂತ್ರದಷ್ಟೇ ಜತನವಾಗಿಡಬೇಕು.

ಈ ಕೆಲಸವನ್ನು ದೊಡ್ಡ ಸಂಗ್ರಹಾಲಯಗಳು ಮಾಡಲಿ ಎಂದು ಕೂರುವಂತಿಲ್ಲ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ, ಮೈಸೂರಿನ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯ, 1981ರಲ್ಲಿ ಅಹಮದಾಬಾದಿನ ವಿಶಾಲಾ ಹೋಟೆಲಿನಲ್ಲಿ ತೆರೆದ ಪಾತ್ರೆಗಳ ಮ್ಯೂಸಿಯಂ, ಇವು ಹಳೆಯ ಮನೆವಾರ್ತೆಯ ಸಾಮಾನನ್ನು ಕಾಪಾಡಿ ನಮಗೆಲ್ಲ ಉಪಕಾರ ಮಾಡಿವೆ. ಆದರೆ ಅವುಗಳ ಆಸಕ್ತಿ ಕೈಕಸುಬಿನ ಮೇಲೆ. ಕಾರ್ಖಾನೆಯಿಂದ ಬಂದ ಸ್ಟೌ, ಮಿಕ್ಸಿ ಅವುಗಳ ಕಣ್ಣಿಗೆ ಜಾನಪದವಲ್ಲ, ವಿಜ್ಞಾನ ಸಂಗ್ರಹಾಲಯಗಳ ಕಣ್ಣಿಗೆ ದೊಡ್ಡ ಯಂತ್ರವೂ ಅಲ್ಲ. ನಡುವೆ ಬಿದ್ದುಹೋದ ಈ ಸಾಮಾನನ್ನು ಉಳಿಸಬಲ್ಲವರು ಸದ್ಯಕ್ಕೆ ಮನೆಯವರು, ಹೋಟೆಲಿನವರು, ಶಾಲೆಯವರು. ಸ್ಟೌ ಹೊತ್ತಿಸಲು ಬಲ್ಲ, ಮಿಕ್ಸಿ ಬಂದ ಮೊದಲ ದಿನ ನೆನಪಿರುವ ಹಿರಿಯ ಹೆಂಗಸರು ಇನ್ನೂ ನಮ್ಮ ಜೊತೆಗಿದ್ದಾರೆ. ತುಮಕೂರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅವರ ಮಾತನ್ನು ಧ್ವನಿಮುದ್ರಿಸಿಕೊಂಡು ಒಂದೊಂದು ವಸ್ತುವಿನ ಜೊತೆ ಸೇರಿಸಿಟ್ಟರೆ ಅದು ಯಾವ ಪಿಎಚ್‌.ಡಿ.ಗೂ ಕಡಿಮೆಯ ಕೆಲಸವಲ್ಲ. ಅಸ್ತ್ರ ಒಲೆಯನ್ನು ಮಾತ್ರ ಯಾರ ಶೋಕೇಸಿಗೂ ತರಲಾಗದು. ಅದು ನೆಲಕ್ಕೆ ಕಟ್ಟಿದ ಮಣ್ಣು–ಇಟ್ಟಿಗೆಯ ಸಾಮಾನು, ಮನೆ ಕೆಡವಿದ ದಿನ ಅದೂ ಹೋಗುತ್ತದೆ. ಆದರೆ ಅದರ ನಕ್ಷೆ, ಅಳತೆಗಳು ಅಚ್ಚಿನಲ್ಲಿವೆ. ಉಂಗ್ರದ ಆಸುಪಾಸಿನ ಒಂದು ಸರ್ಕಾರಿ ಶಾಲೆಯ ಅಂಗಳದಲ್ಲಿ ಆ ಅಳತೆಗೆ ಸರಿಯಾಗಿ ಒಂದು ಒಲೆ, ಅದರ ಪಕ್ಕಕ್ಕೆ ಮೂರು ಕಲ್ಲಿನ ಹಳೆಯ ಒಲೆ ಕಟ್ಟಬಹುದು. ಎರಡರ ಮೇಲೂ ಅಷ್ಟಷ್ಟೇ ನೀರು ಇಟ್ಟು, ಕುದಿ ಬರುವಷ್ಟರಲ್ಲಿ ಎಷ್ಟು ಸೌದೆ ಹೋಯಿತು ಎಂದು ಮಕ್ಕಳೇ ತಕ್ಕಡಿ ಹಿಡಿದು ತೂಗಿ, ಹಲಗೆಯ ಮೇಲೆ ಬರೆಯಲಿ.